ಬಲಕ್ಕೆ ಬಡಿಯುವ ಎದೆ

ಮಾವಿನಕುರ್ವೆ
೧೨-೧೧-೧೯೮೬, ಬುಧವಾರ

ವಸಂತಿಯ ಅಪ್ಪನಿಗೆ ಮಂಜಿ ಮಾಡುವ ನಮಸ್ಕಾರ.

ನೀವು ಹೇಗಿದ್ದೀರಿ? ರತ್ನಾಗಿರಿಯಲ್ಲಿ ಊಟ ಸರಿಯಾಗ್ತದಾ, ಇಲ್ಲಾ ಮೀನು ಹಿಡಿಯುವ ಲಾಂಚಿನವರು ಇನ್ನೂ ಚಪಾತಿಯನ್ನೇ ತಿನ್ನಿಸ್ತಾರಾ? ಹೋದ ಕಾಗದದಲ್ಲಿ, ಹೊಟ್ಟೆಯ ಎಡಗಡೆ ಕೆಳಗೆ ಆಗಾಗ ಚುಚ್ಚಿದ ಹಾಗಾಗ್ತದೆ, ಜೊತೆಗಿರುವ ತಿಮ್ಮ ಎಣ್ಣೆ ತಿಕ್ಕಿದ, ಈಗ ಎಂತದೂ ಇಲ್ಲ ಅಂತ ಆ ತಿಮ್ಮನ ಕೈಯಲ್ಲೇ ಬರೆಸಿದ್ರಿ. ನಿಮ್ಮ 'ಎಂತದೂ ಇಲ್ಲ' ನನಗೆ ಗೊತ್ತಿದ್ದದ್ದೇ. ಹೋದ ವರ್ಷ ಕಾಲಿಗೆ ಗಾಳ ಹೊಕ್ಕು ಕೀವಾದಾಗಲೂ ಅದನ್ನೇ ಹೇಳಿದ್ರಿ. ನೋವು ಮತ್ತೆ ಬಂತಾ?

ಇಲ್ಲಿ ನಾವೂ ಇದ್ದೇವೆ. ಸುದ್ದಿ ವಸಂತಿಯದು. ಗಾಬರಿ ಬೇಡ, ಅಂಗಳದಲ್ಲಿ ಆಡಿಕೊಂಡಿದ್ದಾಳೆ. ಕೆಮ್ಮು ಬಿಡಲೇ ಇಲ್ಲ ಅಂತ ದೋಣಿಯಲ್ಲಿ ಹೊನ್ನಾವರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಕುಮಟೆಗೆ, ಹದಿನೈದು ದಿನದಲ್ಲಿ ನಾಲ್ಕು ಸಲ ಹೊತ್ತುಕೊಂಡು ಹೋದೆ. ಆರು ವರ್ಷದ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಳದೀಪುರ ದಾಟುವವರೆಗೂ ನಿಂತೇ ಹೋಗಬೇಕು, ಬಸ್ಸಿನಲ್ಲಿ ಜಾಗ ಕೊಡುವ ಪುಣ್ಯಾತ್ಮರು ಯಾರೂ ಇಲ್ಲ. ಎದೆಯ ಎಕ್ಸರೆ ತೆಗೆದವನು ಫಿಲ್ಮು ತಿರುಗುಮುರುಗಾಯ್ತು ಅಂತ ಇನ್ನೊಂದು ತೆಗೆದ. ಅದೂ ಹಾಗೇ ಬಂತು. ಕಡೆಗೆ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ ನನ್ನನ್ನು ಒಳಗೆ ಕರೆದರು. ನಮ್ಮ ವಸಂತಿಯ ಹೃದಯ ಬಲಗಡೆ ಇದೆಯಂತೆ. ಬಲಕ್ಕಿರಬೇಕಾದ ಲಿವರು ಎಡಕ್ಕೆ, ಎಡಕ್ಕಿರಬೇಕಾದ ಜಠರ ಬಲಕ್ಕೆ, ಕನ್ನಡಿಯೊಳಗೆ ಕಂಡ ಹಾಗೆ. ಸಾವಿರಾರು ಮಂದಿಯಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರಂತೆ. ಜೀವಕ್ಕೆ ಅಪಾಯ ಇಲ್ಲ, ಎಲ್ಲರ ಹಾಗೆ ಬಾಳುತ್ತಾಳೆ ಅಂದರು, ಕೆಮ್ಮಿಗೆ ಔಷಧಿ ಕೊಟ್ಟರು. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಇದನ್ನು ಮೊದಲು ಹೇಳಬೇಕಂತೆ, ಇಲ್ಲದಿದ್ದರೆ ನೋವು ಎಲ್ಲಿಯದು ಅಂತ ಅವರಿಗೆ ತಿಳಿಯೂದಿಲ್ಲವಂತೆ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ ಅಂತ ಕೇಳಿದರು. ಇಲ್ಲ ಅಂದೆ. ಆಮೇಲೆ ನಾನೂ ಒಂದು ಮಾತು ಕೇಳಿದೆ, ಅವರು ನಕ್ಕುಬಿಟ್ಟರು. ಅದೆಂತ ಅಂತ, ತಿಮ್ಮ ಓದಿ ಹೇಳುವ ಕಾಗದದಲ್ಲಿ ಹೇಗೆ ಬರೆಯೂದು.

ಮನೆಗೆ ಬಂದು ಹೇಳಿದ್ದೇ ತಪ್ಪಾಯ್ತು. ಕುರ್ವೆಯ ಹೆಂಗಸರೆಲ್ಲ ಬಂದು ಮಗುವಿನ ಎದೆ ಮುಟ್ಟಿ ನೋಡಿ ಹೋದರು. ಆಚೆಮನೆ ನಾಗು ಅಂತೂ ಮಂಗನ ಆಟ ನೋಡಲು ಬಂದ ಹಾಗೆ ಮೂರು ಸಲ ಬಂದಳು. ವಸಂತಿ ಈಗ ಯಾರು ಬಂದರೂ ತಾನೇ ಅಂಗಿ ಎತ್ತಿ ಪೆಪ್ಪರಮೆಂಟು ಕೇಳ್ತಾಳೆ. ನಿನ್ನೆ ಊಟಕ್ಕೆ ಕೂತವಳು, ಅಮ್ಮ, ನಾನು ಎಡಗೈಯಲ್ಲಿ ಉಣ್ಣಬೇಕಾ ಅಂದಳು. ನಗು ಬರಲಿಲ್ಲ ನನಗೆ.

ನಿಮ್ಮ ತಾಯಿಯದು ಮಾತ್ರ ಅವತ್ತಿಂದ ಒಂದೇ ಹಾಡು. ಇವಳು ಹೊಟ್ಟೆಯಲ್ಲಿದ್ದಾಗ ಹಾಡುಹಗಲೇ ಕತ್ತಲಾಗಿ ಸೂರ್ಯಗ್ರಹಣ ಆಯ್ತಲ್ಲ, ಅವತ್ತು ಗ್ರಹಣ ಬಿಡುವ ಮೊದಲೇ ನಾನು ಬಂಗಡೆ ಮೀನು ಕೊಯ್ದೆ, ಅದಕ್ಕೇ ಮಗುವಿನ ಒಳಗೆಲ್ಲ ಆಚೀಚೆ ಆಯ್ತು ಅಂತ. 'ಗ್ರಹಣದಲ್ಲಿ ಕತ್ತಿ ಹಿಡಿದ ಕೈ' ಅಂತ ಮಗುವಿಗೆ ಎಣ್ಣೆ ಹಚ್ಚಲೂ ಬಿಡೂದಿಲ್ಲ, ತಾವೇ ಮೀಯಿಸ್ತಾರೆ. ರಾತ್ರಿ ತಮ್ಮ ಹತ್ತಿರವೇ ಮಲಗಿಸಿಕೊಳ್ತಾರೆ. ಅವರು ಕೆಟ್ಟವರಲ್ಲ, ಹೆದರಿದ್ದಾರೆ. ಆದರೆ ಯಾರು ಹೇಳಿದ್ದಕ್ಕೆ ಕೊಯ್ದೆ ಅಂತ ನಿಮಗೆ ನೆನಪಿದೆಯಲ್ಲ? ದೋಣಿ ಇಳಿದು ಬಂದು, ಹಸಿವು ತಡೀಲಿಕ್ಕಾಗೂದಿಲ್ಲ ಮಂಜಿ ಅಂದವರು ನೀವೇ. ಅದನ್ನು ನಾನು ಅತ್ತೆಗೆ ಇವತ್ತಿನವರೆಗೆ ಹೇಳಲಿಲ್ಲ. ಹೆತ್ತ ಮಗುವಿಗೆ ಒಂದು ಹನಿ ಎಣ್ಣೆ ಹಚ್ಚಲಿಕ್ಕಿಲ್ಲ ಅಂದರೆ ಹೊಟ್ಟೆ ಉರೀತದೆ. ಸಾಕಾಗಿಹೋಗಿದೆ ನನಗೆ.

ಅತ್ತೆಯ ಆಶೀರ್ವಾದ ನಿಮಗಿದೆ. ವಸಂತಿ ಬರುವಾಗ ಗಾಜಿನ ಬಳೆ ತರಬೇಕು ಅಂದಿದ್ದಾಳೆ. ತಿಮ್ಮನಿಗೂ ನಮಸ್ಕಾರ ತಿಳಿಸಿ. ತಂಪು ಹೊತ್ತಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳಿ.

ನಿಮ್ಮ ದಾರಿ ಕಾಯುವ,
ಮಂಜಿ

ತಾ.ಕ.: ಅಂಟಿಸಿದ ಕವರನ್ನು ಬಿಡಿಸಿ ಬರೀತಿದ್ದೇನೆ. ತಿಮ್ಮ ಓದಿದರೆ ಓದಲಿ, ನಾಚಿಕೆ ಬಿಟ್ಟೆ. ಡಾಕ್ಟರನ್ನು ನಾನು ಕೇಳಿದ್ದು, ಇವಳು ಗಂಡಾಗಿದ್ದರೆ ಹೃದಯ ಬಲಕ್ಕಿರೂದು ಸರಿಯೇ ಆಗ್ತಿತ್ತಲ್ಲ ಅಂತ. ಗಂಡಸರಿಗೆ ಬಲಗಣ್ಣು ಹಾರಿದರೆ ಒಳ್ಳೇದು, ಹೆಂಗಸರಿಗೆ ಎಡಗಣ್ಣು. ಕೈ ನೋಡುವವನೂ ಹಾಗೇ ಹಿಡೀತಾನೆ. ಎದೆಯೂ ಹಾಗೇ ಅಂತ ಮದುವೆಯಾದಾಗಿನಿಂದ ತಿಳಿದಿದ್ದೆ. ಯಾಕಂದರೆ ನಾನು ಕಿವಿಯಿಟ್ಟು ಮಲಗಿದ ಗಂಡಸಿನ ಎದೆ ನಿಮ್ಮದೊಂದೇ, ಅದು ಬಲಕ್ಕೇ ಬಡೀತದೆ. ಗಂಡಸಾಗಲಿ ಹೆಂಗಸಾಗಲಿ ಎಲ್ಲರಿಗೂ ಎಡಕ್ಕೇ ಅಂದರು ಡಾಕ್ಟರು. ಹಾಗಾದರೆ ನೀವೂ ವಸಂತಿಯ ಹಾಗೇ. ಇಂಥವರಿಗೆ ಅಪೆಂಡಿಕ್ಸ್ ನೋವು ಎಡಗಡೆ ಬರ್ತದೆ, ಗೊತ್ತಾಗದೆ ಒಳಗೇ ಒಡೆದರೆ ಜೀವ ಹೋಗ್ತದೆ ಅಂತಲೂ ಅಂದರು. ನಿಮ್ಮ ನೋವು ಎಡಗಡೆಯೇ ಅಲ್ಲವಾ? ಅತ್ತೆಗೆ ಇನ್ನೂ ಹೇಳಲಿಲ್ಲ. ಹೇಳಿದರೆ ಗ್ರಹಣದ ಮಾತು ನನ್ನ ತಲೆಯಿಂದ ಇಳೀತದೆ, ಆದರೆ ದೂರದಲ್ಲಿರುವ ಮಗನಿಗಾಗಿ ಅವರು ಅನ್ನ ಬಿಡ್ತಾರೆ. ನೀವು ಡಾಕ್ಟರಿಗೆ ತೋರಿಸಿದ ಸುದ್ದಿ ಬರುವವರೆಗೆ ಆ ಮಾತು ನನ್ನ ಮೇಲೇ ಇರಲಿ. ಈ ಕಾಗದ ಸಿಕ್ಕಿದ ದಿನವೇ ಲಾಂಚು ಬಿಟ್ಟು ಇಳಿದು ದವಾಖಾನೆಗೆ ಹೋಗಿ. ನನಗೆ ಹೃದಯ ಬಲಕ್ಕಿದೆ ಅಂತ ಮೊದಲು ಹೇಳಿ, ಆಮೇಲೆ ನೋವು ತೋರಿಸಿ. ಹೋಗಿ ಬಂದು ಎಂತ ಬೇಕಾದರೂ ಬರೆಯಿರಿ, ಎಂತದೂ ಇಲ್ಲ ಅಂತ ಮಾತ್ರ ಬರೀಬೇಡಿ.