ಹಳದಿ ಬಟನ್ನು, ಬಿಳಿ ಅಕ್ಷರ

೧೩ ಜೂನ್, ಶುಕ್ರವಾರ. ಮ್ಹಾಪಸಾ

ನನ್ನ ಹಳದಿ ಕದ್ದಾರ! ಸೀರಿ ಅಂಗಡಿ ಬೋರ್ಡಿನ ಅರಿಷಿಣ ಬಣ್ಣ ಒಂದನ್ನ ಕೊಟ್ಟಿದ್ದೆ. ಅಂಗಡಿಗೆ ಆ್ಯಪ್ ಮಾಡಿಕೊಡೋ ಫಿರ್ದೋಸ ಅದನ್ನ ಕಂಪ್ಯೂಟರಿಗೆ ಉಣಿಸಿ ಹತ್ತು ಛಾಯೆ ತಗದ್ಲು. 'ಖರೀದಿಸಿ' ಬಟನ್ನಿಗೆ ಹಚ್ಚಿದ್ದು ಮಾತ್ರ ಅದರಾಗಿನ ಕಟ್ಟಕಡೀದು, ಕಡು ಕಂದು. ಇದರಾಗ ಏನೋ ಮಸಲತ್ತು ಐತಿ.

"ಹಳದಿ ಮ್ಯಾಲೆ ಬಿಳಿ ಅಕ್ಷರ ಎಲ್ಲಾರಿಗೂ ಕಾಣಂಗಿಲ್ರಿ, ಕಾಕಾ," ಅಂದ್ಲು.

"ರಂಗದ ಮ್ಯಾಲೆ ಪೀತಾಂಬರ ಉಟ್ಟು ಮೆರೆದಾಂವಗ ಬಣ್ಣದ ಪಾಠ ಹೇಳ್ತಿಯೇನವಾ?" ಅಂತ ಗುಡುಗಿದೆ. ಸಾಕ್ಷಿಗೆ ಮನಿಯಾಕಿ ಶಾರದವ್ವನ್ನ ಕರದೆ. ಫಿರ್ದೋಸ ಬಟನ್ನಿಗೆ ನನ್ನ ಹಳದಿ ಹಚ್ಚಿ ತೋರಿಸಿದ್ರ "ಖಾಲಿ ಐತಲ್ರಿ" ಅಂದ್ಲು. ಕಡು ಕಂದು ತೋರಿಸಿದ್ರ ಗಳಗಳ ಓದಿದ್ಲು.

ನಮ್ಮ ಬೋರ್ಡೂ ಹಳದಿ ಮ್ಯಾಲೆ ಬಿಳಿ. ಬರಸಿದ ದಿನ "ಅಕ್ಷರ ಭಾಳ ಚಲೋ ಕಾಣತಾವ್ರಿ" ಅಂದಾಕಿ ಇಕೀನ. ಹನ್ನೊಂದು ವರ್ಷ ಅದನ್ನ ನಂಬಿದ್ದೆ! ಫಿರ್ದೋಸಳ ಮ್ಯಾಲಿನ ಸಂಶಯ ಈಗ ಮನಿಯೊಳಗ ಬಂದು ಕುಂತೈತಿ. ನನ್ನ ನಾಟಕಕ್ಕೂ ಹಿಂಗ ಚಪ್ಪಾಳಿ ತಟ್ಟಿದ್ಲೇನು...