ಮೂವತ್ತೊಂದು ಪುಟದ ಕರಾರು

ಶನಿವಾರ, ಹದಿನಾಲ್ಕನೇ ತಾರೀಖು
ಲ್ಯಾಬಿನಲ್ಲಿ, ಊಟದ ಬಿಡುವು

ಅಕ್ಕಾ,

ನಿನ್ನ ತಂಗಿ ಸುಖವಾಗಿದ್ದಾಳೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ನೀನು ಯಾವ ಪತ್ರವನ್ನಾದರೂ ಕೊನೆಯಿಂದ ಓದುವವಳು. ಈ ಸಲ ಮಾತ್ರ ಮೊದಲಿನಿಂದ ಓದು.

ಹೋದ ವಾರ ಫೋನಿನಲ್ಲಿ ನೀನು ಕೇಳಿದೆ, "ಏನೇ, ನಾನು ಬರೋ ಹೊತ್ತಿಗೆ ಯಾವ ಮನೆ? ಕಾಂಡೊನಾ, ಅಪಾರ್ಟ್‌ಮೆಂಟಾ?" ನಾನು ಹಾರಿಕೆಯ ಉತ್ತರ ಕೊಟ್ಟೆ. ಫೋನಿನಲ್ಲಿ ಹೇಳುವಂತಿರಲಿಲ್ಲ. ಈ ಫೋನಿನ ಸಂಪರ್ಕ ನನ್ನ ಹೆಸರಿನಲ್ಲಿಲ್ಲ, ಮನೆ ಕೊಟ್ಟವರ ಹೆಸರಿನಲ್ಲಿದೆ. ಅದಕ್ಕೇ ಈ ಪತ್ರ.

ನಮ್ಮ ಕಡೆ ಎರಡಕ್ಕೂ ಅಪಾರ್ಟ್‌ಮೆಂಟ್ ಎಂದೇ ಹೆಸರು. ಇಲ್ಲಿ ಹಾಗಲ್ಲ. ಅಪಾರ್ಟ್‌ಮೆಂಟ್ ಎಂದರೆ ಇಡೀ ಕಟ್ಟಡ ಒಂದು ಕಂಪನಿಯದು. ಕೆಳಗೆ ಕಚೇರಿ, ಕಚೇರಿಯಲ್ಲಿ ನಗುವ ಹುಡುಗಿ, ಅವಳ ಕೈಯಲ್ಲಿ ಮೂವತ್ತೊಂದು ಪುಟದ ಕರಾರು. ಕಾಂಡೊ ಎಂದರೆ ಒಂದೊಂದು ಮನೆಗೂ ಒಬ್ಬೊಬ್ಬ ಒಡೆಯ. ಅವನ ಮನಸ್ಸು ಒಲಿದರೆ ಸಾಕು, ಬಾಡಿಗೆಗೆ ಮನೆ ನಿನ್ನದು.

ನಾನು ಕಾಂಡೊವನ್ನೇ ಆರಿಸಿದೆನೆಂದು ನನ್ನನ್ನು ಬಲ್ಲ ನಿನಗೆ ಬೇರೆ ಹೇಳಬೇಕಿಲ್ಲ. ಆ ಹುಡುಗಿ ನನ್ನ ಫೋಟೊ, ಲ್ಯಾಬಿನ ಪತ್ರ, ಆಪತ್ತಿಗೆ ಕರೆಯಬೇಕಾದವರ ಹೆಸರು, ಎಲ್ಲ ಕೇಳಿದಳು. ಕರಾರು ಎನ್ನುವುದು ಉಳ್ಳವರು ಇಲ್ಲದವರಿಗೆ ಹಾಕುವ ಬೇಡಿ ಎಂದು ನಾನು ಅವಳಿಗೆ ಅರ್ಧ ಗಂಟೆ ಭಾಷಣ ಬಿಗಿದೆ. ಅವಳು ಕೊನೆಗೆ, "ಇದರಲ್ಲಿ ಹದಿನೇಳು ಪುಟ ನಾವು ನಿಮಗೇನು ಮಾಡಬಾರದು ಅನ್ನೋದೇ ಇದೆ ಮೇಡಂ, ಓದಿ ನೋಡಿ" ಎಂದಳು. ಓದಲಿಲ್ಲ. ಊರಿನಲ್ಲಿ ನಾನು ಬರೆದು ಹಂಚುತ್ತಿದ್ದಂಥ ಕರಪತ್ರವಾಗಿದ್ದರೆ ಓದುತ್ತಿದ್ದೆನೇನೋ.

ಕಾಂಡೊದ ಹಿರಿಯರು ಏನನ್ನೂ ಕೇಳಲಿಲ್ಲ. ಮಾಲೀಕರು ಎಂಬ ಪದ ನನಗೆ ಆಗುವುದಿಲ್ಲವಾದ್ದರಿಂದ ಅವರನ್ನು ಹಿರಿಯರು ಎಂದೇ ಕರೆಯುತ್ತಿದ್ದೆ. ಬಿಳಿ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. "ಮನುಷ್ಯರ ಮಧ್ಯೆ ಕಾಗದ ಯಾಕಮ್ಮಾ?" ಎಂದರು. ನನ್ನ ಮನಸ್ಸಿನೊಳಗಿನ ವಾಕ್ಯವನ್ನೇ ಎತ್ತಿ ಕೊಟ್ಟಂತಾಯಿತು. ಕೈ ಕುಲುಕಿದೆವು. ಅಷ್ಟೇ ನಮ್ಮ ಕರಾರು.

ಏಳನೇ ಮಹಡಿ. ಬಾಲ್ಕನಿ ತುಂಬ ಹೂಕುಂಡ. ಎರಡು ಕೋಣೆ, ಅದರಲ್ಲಿ ಒಂದಕ್ಕೆ ಬೀಗ. ತೀರಿಕೊಂಡ ಹೆಂಡತಿಯ ಸಾಮಾನು ಅದರಲ್ಲಿದೆ ಎಂದರು. ಪ್ರತಿ ಭಾನುವಾರ ಬೆಳಿಗ್ಗೆ ಬಂದು ಗಿಡಗಳಿಗೆ ನೀರು ಹಾಕಿ, ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ನನಗೆ ಅಯ್ಯೋ ಅನ್ನಿಸುತ್ತಿತ್ತು. ಹಿಂದೆ ಇದ್ದ ಹುಡುಗಿಯ ಮಾತನ್ನೂ ಆಡುತ್ತಿದ್ದರು. ಮಕ್ಕಳ ಶಾಲೆಯ ಟೀಚರಂತೆ, ಹೊರದೇಶದವಳಂತೆ, ಒಬ್ಬಳೇ ಇದ್ದಳಂತೆ. "ಮದುವೆ ಆಗಿ ಹೋದಳಮ್ಮಾ. ಎಷ್ಟು ನಗ್ತಾ ಹೋದಳು."

ಒಂದು ದಿನ ಲಿಫ್ಟಿನಲ್ಲಿ ನೆರೆಮನೆಯಾಕೆ, "ನೀವು ಅವರ ತಂಗಿಯ ಮಗಳಂತಲ್ಲ?" ಎಂದು ಕೇಳಿದರು. ಈ ಕಟ್ಟಡದಲ್ಲಿ ಮನೆ ಒಡೆಯರ ಸಮಿತಿಗೆ ತಿಳಿಸದೆ ಬಾಡಿಗೆಗೆ ಕೊಡುವಂತಿಲ್ಲ, ಅದಕ್ಕೇ ಹಿರಿಯರು ನನ್ನನ್ನು ಸೋದರ ಸೊಸೆ ಮಾಡಿದ್ದರು. ನಾನು ನಕ್ಕುಬಿಟ್ಟೆ. ನಿಯಮವನ್ನು ಇಬ್ಬರೂ ಸೇರಿ ಮುರಿದೆವು ಎಂದು ಹೆಮ್ಮೆ ಕೂಡ ಪಟ್ಟೆ. ಸರ್ಕಾರದಲ್ಲಿ ವಾಸದ ನೋಂದಣಿ ಮಾಡಿಸಬೇಕು ಎಂದು ಅವರು ಹೇಳಿದಾಗ ಪಾಸ್‌ಪೋರ್ಟನ್ನು ಅವರ ಕೈಗೆ ಕೊಟ್ಟೆ. ಐದು ವಾರವಾಯಿತು. ಪ್ರತಿ ಭಾನುವಾರ, "ಸರ್ಕಾರಿ ಕೆಲಸ ಅಲ್ವೇನಮ್ಮಾ, ನಿಧಾನ" ಎನ್ನುತ್ತಿದ್ದರು.

ಹತ್ತು ದಿನದ ಹಿಂದೆ ನಾನೇ ನೋಂದಣಿ ಕಚೇರಿಗೆ ಹೋದೆ. ಗುಮಾಸ್ತ ಕಂಪ್ಯೂಟರ್ ನೋಡಿ, "ಆ ಮನೇಲಿ ಬಾಡಿಗೆದಾರರೇ ಇಲ್ವಲ್ಲ, ಯಾವತ್ತೂ ಇರಲಿಲ್ಲ" ಎಂದ. ಹಾಗಾದರೆ ಹಿಂದೆ ಇದ್ದ ಟೀಚರ್? ಯಾರೂ ಇಲ್ಲ. ನೋಂದಣಿಯಿಲ್ಲದೆ ವಾಸವಿರುವುದು ಅಪರಾಧ, ಯಾರಾದರೂ ಇದ್ದರೆ ಹೇಳಿ ಎಂದು ನನ್ನ ಮುಖ ನೋಡಿದ. ಎದ್ದು ಬಂದೆ.

ಅಕ್ಕಾ, ನನ್ನ ಕೆಲಸ ನಿನಗೆ ಗೊತ್ತು. ಬಾಯಿಯ ಅಚ್ಚು ನೋಡಿ ಹಲ್ಲಿನ ಸೆಟ್ ಮಾಡುವುದು. ಕಳೆದ ಭಾನುವಾರ ಅವರು ಬಾಲ್ಕನಿಯಲ್ಲಿದ್ದಾಗ ಮೇಜಿನ ಮೇಲಿದ್ದ ಆ ಕೋಣೆಯ ಬೀಗದ ಕೈಯನ್ನು, ಬಾಯಿಯ ಅಳತೆ ತೆಗೆಯುವ ಮೆತ್ತನೆಯ ಹಿಟ್ಟಿಗೆ ಎರಡೂ ಮಗ್ಗುಲು ಒತ್ತಿದೆ. ಲ್ಯಾಬಿನಲ್ಲಿ ಆ ಅಚ್ಚಿಗೆ ಮೇಣ ಹೊಯ್ದು, ಹಲ್ಲಿನ ಚೌಕಟ್ಟಿಗೆ ಬಳಸುವ ಲೋಹದಲ್ಲೇ ಅಂಥದೇ ಇನ್ನೊಂದು ಬೀಗದ ಕೈ ಎರಕ ಹಾಕಿದೆ. ಗುರುವಾರ ಅರ್ಧ ದಿನ ರಜೆ ಪಡೆದು ಕೋಣೆ ತೆರೆದೆ.

ಹೆಂಡತಿಯ ಸಾಮಾನು ಒಂದೂ ಇರಲಿಲ್ಲ. ಗೋಡೆಗೆ ತಾಗಿಸಿ ಇಟ್ಟ ಮೂರು ಸೂಟ್‌ಕೇಸು. ಮೂರಕ್ಕೂ ವಿಮಾನದ ಚೀಟಿ ಇನ್ನೂ ಅಂಟಿಕೊಂಡಿತ್ತು. ಅವುಗಳ ಮುಂದೆ ಮೂರು ಜೊತೆ ಹೆಂಗಸರ ಚಪ್ಪಲಿ, ಮೂರೂ ಬೇರೆ ಬೇರೆ ಅಳತೆ, ಚೆನ್ನಾಗಿ ಒರೆಸಿ ಸಾಲಾಗಿ ಇಟ್ಟಿದ್ದವು. ನಡುವೆ ಒಂದು ಕುರ್ಚಿ. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಬಟ್ಟಲು, ಬಟ್ಟಲಿನೊಳಗೆ ಒಂದು ಪ್ಲೇಟು. ತಿನ್ನುವ ತಟ್ಟೆಯಲ್ಲ, ಅಂಗುಳಕ್ಕೆ ಕೂರಿಸುವ ಗುಲಾಬಿ ಪ್ಲೇಟು. ಅದರಲ್ಲಿ ಮುಂದಿನ ಎರಡು ಹಲ್ಲು.

ಒಳಮೈಯಲ್ಲಿ ಕೆತ್ತಿದ್ದ ನಂಬರ್ ಗಾಜಿನ ಮೂಲಕವೇ ಕಾಣುತ್ತಿತ್ತು. ಈ ಊರಿನ ಅರ್ಧ ಬಾಯಿಗಳು ನಮ್ಮ ಲ್ಯಾಬಿನವೇ. ನಿನ್ನೆ ಲ್ಯಾಬಿನ ಹಳೆಯ ದಾಖಲೆ ಪುಸ್ತಕ ತೆಗೆಸಿ ನೋಡಿದೆ. ಎರಡೂವರೆ ವರ್ಷದ ಹಿಂದಿನ ಕೆಲಸ. ಉದ್ಯೋಗ, ಮಕ್ಕಳ ಶಾಲೆಯ ಶಿಕ್ಷಕಿ. ಪಕ್ಕದಲ್ಲಿ ಒಂದು ಸಾಲು: ಪ್ಲೇಟಿನ ಕೊಂಡಿ ಬಿಗಿ ಮಾಡಿಸಲು ಬರಬೇಕಿತ್ತು, ಬರಲಿಲ್ಲ, ಫೋನ್ ಸಿಗುತ್ತಿಲ್ಲ.

ನಮ್ಮಲ್ಲಿಗೆ ಬರುವ ಮುದುಕಿಯರು ಕೂಡ ಪ್ಲೇಟು ಇಲ್ಲದೆ ಬಾಗಿಲು ತೆರೆಯುವುದಿಲ್ಲ. ಮುಂದಿನ ಎರಡು ಹಲ್ಲನ್ನು ಬಟ್ಟಲಿನಲ್ಲಿ ಬಿಟ್ಟು ಯಾವ ಹೆಣ್ಣು ನಗುತ್ತಾ ಮದುವೆಗೆ ಹೋಗುತ್ತಾಳೆ?

ಇನ್ನು ಅವನನ್ನು ಹಿರಿಯರು ಎನ್ನಲಾರೆ.

ನೀನು ಬರುವ ಸುದ್ದಿಯನ್ನು ನಾನೇ ಅವನಿಗೆ ಹೇಳಿದ್ದೆ, ಕುಣಿಯುತ್ತಾ ಹೇಳಿದ್ದೆ. "ಅಕ್ಕ ಒಬ್ಬಳೇ ಬರ್ತಾಳಾ? ಹಿಂದೆ ಮುಂದೆ ಯಾರೂ ಇಲ್ವಾ?" ಎಂದು ಕೇಳಿದ. "ಹಾಗಾದ್ರೆ ಆ ಕೋಣೆ ಅವಳಿಗೆ ಖಾಲಿ ಮಾಡಿಕೊಡ್ತೀನಿ" ಎಂದ. ಅದಕ್ಕೇ ಹೇಳುತ್ತಿದ್ದೇನೆ, ಇಲ್ಲಿನ ಹೊಲಿಗೆ ಕೆಲಸದ ಆದೇಶ ನಿನ್ನ ಕೈಗೆ ಬಂದಿದ್ದರೂ ನೀನು ಈಗ ಹೊರಡಬೇಡ. ನಾನು ಇನ್ನೊಂದು ಪತ್ರ ಬರೆಯುವ ತನಕ ಟಿಕೆಟ್ ತೆಗೆಯಬೇಡ. ಎಂದಿನಂತೆ ಜಗಳ ಆಡಬೇಡ. ಈ ಒಂದು ಸಲ ನನ್ನ ಮಾತು ಕೇಳು.

ಇವತ್ತು ಬೆಳಿಗ್ಗೆ ಆ ಅಪಾರ್ಟ್‌ಮೆಂಟ್ ಕಚೇರಿಗೆ ಹೋಗಿದ್ದೆ. ಅದೇ ಹುಡುಗಿ. ನನ್ನ ಗುರುತು ಹಿಡಿದು, "ಭಾಷಣ ಇದೆಯಾ ಮೇಡಂ, ಸಹಿ ಮಾತ್ರಾನಾ?" ಎಂದಳು. ಅಲ್ಲೇ ಕೂತು ಓದಿದೆ. ನಿಜವಾಗಿಯೂ ಹದಿನೇಳು ಪುಟ. ಹೇಳದೆ ಒಳಗೆ ಬರುವಂತಿಲ್ಲ. ಗುರುತಿನ ಚೀಟಿ ಇಟ್ಟುಕೊಳ್ಳುವಂತಿಲ್ಲ. ಹೆಸರನ್ನು ಹದಿನಾಲ್ಕು ದಿನದೊಳಗೆ ನೋಂದಾಯಿಸಲೇಬೇಕು. ಓದುತ್ತಾ ಕಣ್ಣು ಒದ್ದೆಯಾಯಿತು. ಯಾರೋ ಬಾಡಿಗೆದಾರರು ಎಂದೋ ಹೋರಾಡಿ ಬರೆಸಿದ ಸಾಲುಗಳವು, ನನ್ನ ಕರಪತ್ರಗಳೆಲ್ಲ ಹಂಬಲಿಸಿದ್ದು ಅವಕ್ಕೇ. ಪ್ರತಿ ಪುಟಕ್ಕೂ ಸಹಿ ಹಾಕಿದೆ. ಆಪತ್ತಿಗೆ ಕರೆಯಬೇಕಾದವರು ಎಂಬಲ್ಲಿ ನಿನ್ನ ಹೆಸರಿದೆ. ಮನೆಯ ಕೀಲಿ ಮಾತ್ರ ಪಾಸ್‌ಪೋರ್ಟ್ ತೋರಿಸಿದ ಮೇಲೆಯೇ ಸಿಗುವುದು.

ಪಾಸ್‌ಪೋರ್ಟನ್ನು ಅವನು ನಾಳೆ ಬೆಳಿಗ್ಗೆ ತರುತ್ತಾನಂತೆ.

ಲ್ಯಾಬಿನಲ್ಲಿ ಮೇಣದ ಕೆಲಸ ಮಾಡುವ, ನಮ್ಮ ಭಾಷೆಯವರೇ ಆದ ಹೆಂಗಸೊಬ್ಬರಿದ್ದಾರೆ. ನಾನು ಅವರನ್ನು ಮೇಣದಕ್ಕ ಎನ್ನುತ್ತೇನೆ. ಅವರಿಗೆ ಮಾತ್ರ ಎಲ್ಲ ಹೇಳಿದೆ. "ಈಗಲೇ ಪೊಲೀಸರ ಹತ್ರ ನಡಿಯೇ. ನಿನ್ನ ಶೌರ್ಯ ಆಮೇಲೆ ತೋರಿಸುವಿಯಂತೆ" ಎಂದರು. ಕಾಗದವಿಲ್ಲದೆ ಹೋದರೆ ಮೊದಲು ಒಳಗೆ ಹಾಕುವುದು ನನ್ನನ್ನೇ, ಅಷ್ಟರಲ್ಲಿ ಆ ಕೋಣೆ ಖಾಲಿಯಾಗಿರುತ್ತದೆ ಎಂದೆ. ಮೊದಲು ಪಾಸ್‌ಪೋರ್ಟ್, ಸೋಮವಾರ ಪೊಲೀಸು. ಆ ಟೀಚರ್‌ಗೂ ಒಬ್ಬ ಅಕ್ಕ ಇದ್ದಿರಬಹುದು. ಅವಳಿಗೆ ಯಾರಾದರೂ ಉತ್ತರ ಹೇಳಬೇಕಲ್ಲ. ನಾಳೆ ಏಳನೇ ಮಹಡಿಯಲ್ಲಿ ನಾನು ಅವನಿಂದ ಪಾಸ್‌ಪೋರ್ಟ್ ಪಡೆಯುವಾಗ ಮೇಣದಕ್ಕ ಕೆಳಗೆ ಲಿಫ್ಟಿನ ಎದುರಿನ ಬೆಂಚಿನಲ್ಲಿ ಕೂತಿರುತ್ತಾರೆ. ನಾನು ಪ್ಲೇಟನ್ನು ಮುಟ್ಟಿಲ್ಲ, ಕೋಣೆಗೆ ಮೊದಲಿನಂತೆಯೇ ಬೀಗ ಹಾಕಿ ಬಂದೆ. ಬಟ್ಟಲನ್ನು ಒಂದಿಷ್ಟು ಸರಿಸಿದೆನೇ ಎಂದು ನಿನ್ನೆಯಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ.

ಬಿಡುವು ಮುಗಿಯಿತು. ಅಮ್ಮನಿಗೆ ಹೊಸ ಮನೆಯಲ್ಲಿ ಬೆಳಕು ಚೆನ್ನಾಗಿದೆ ಎಂದಷ್ಟೇ ಹೇಳು.

ನಿನ್ನ ಮಾತು ಎಂದೂ ಕೇಳದ,
ನೀನೇ ಹೆಸರಿಟ್ಟ
ಕರಪತ್ರ

ಮರೆತಿದ್ದು: ಇದರ ಜೊತೆ ಒಂದು ಪುಟ್ಟ ಡಬ್ಬಿ ಬರುತ್ತದೆ. ಅದರಲ್ಲಿರುವುದು ನನ್ನ ಹಲ್ಲಿನ ಪ್ಲಾಸ್ಟರ್ ಅಚ್ಚು, ಮೇಲಿನದು, ಕೆಳಗಿನದು ಎರಡೂ. ಇವತ್ತು ನಾನೇ ತೆಗೆದೆ, ನಂಬರ್ ಕೆತ್ತಿದ್ದೇನೆ. ಒಡೆಯದಂತೆ ಹತ್ತಿಯಲ್ಲಿ ಸುತ್ತಿ ಇಡು. ನಾನು ಮದುವೆಯಾಗಿ ನಗುತ್ತಾ ಹೋದೆ ಎಂದು ಈ ಊರಿನಿಂದ ಯಾರಾದರೂ ನಿನಗೆ ಬರೆದರೆ, ಈ ಅಚ್ಚನ್ನು ತೆಗೆದುಕೊಂಡು ಪೊಲೀಸರ ಹತ್ತಿರ ಹೋಗು.