ಮೂರು ಮೆಮೊ, ನಾಲ್ಕು ಕಂಬ

ಉಧ್ನಾ, ಸೂರತ್
ಮಂಗಳವಾರ, ಬೆಳಿಗ್ಗೆ ಹತ್ತೂಮುಕ್ಕಾಲು

ಬಾಗಿಲಿನ ಆ ಕಡೆ ಇರುವ ನನ್ನ ಮೇದಿನಿಗೆ,

ಈ ಕಡೆ ನಾನಿದ್ದೇನೆ, ನಿನ್ನಮ್ಮ. ನಿನ್ನ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತು ಅರ್ಚಿತಾಳ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಏಳು ಗಂಟೆಯಿಂದ ಬಾಗಿಲು ಬಡಿದೆ, ಕೂಗಿದೆ, ಬೈದೆ, ಅತ್ತೆ. ನೀನು ಒಂದು ಮಾತೂ ಆಡಲಿಲ್ಲ. ಮಂಚ ಕಿರುಗುಟ್ಟಿದ್ದು ಎರಡು ಸಲ ಕೇಳಿಸಿತು. ಅಷ್ಟನ್ನೇ ನಂಬಿಕೊಂಡು ಜೀವ ಕೈಯಲ್ಲಿ ಹಿಡಿದು ಕುಳಿತಿದ್ದೇನೆ.

ಅರ್ಚಿತಾಳ ಮೇಲೆ ಸಿಟ್ಟಾಗಬೇಡ. ನಿನ್ನ ಜೊತೆ ಒಂದೇ ಮನೆಯಲ್ಲಿರುವ ಹುಡುಗಿ, ನಿನ್ನನ್ನು ನೋಡಿ ಹೆದರಿದ್ದಾಳೆ. ನಿನ್ನೆ ತಡರಾತ್ರಿ ನನಗೆ ಫೋನು ಮಾಡಿ, "ಆಂಟಿ, ಮೇದಿನಿ ನಾಲ್ಕು ದಿನದಿಂದ ಕೆಲಸಕ್ಕೆ ಹೋಗಿಲ್ಲ. ಊಟಾನೂ ಬಿಟ್ಟಿದಾಳೆ. ಪಪ್ಪನ್ನ ಕೊಂದಿದ್ದು ನಾನೇ ಅಂತಾಳೆ. ಇದೇ ಮಾತು ಆಡ್ತಿದಾಳೆ. ನಂಗೆ ಭಯ ಆಗ್ತಿದೆ, ಬಂದುಬಿಡಿ" ಎಂದಳು. ವಡೋದರಾದಿಂದ ಮೊದಲು ಸಿಕ್ಕ ರೈಲು ಹತ್ತಿ ಬಂದೆ. ಸೀಟು ಸಿಗಲಿಲ್ಲ. ಆ ಮಾತನ್ನು ನಿನ್ನ ತಲೆಗೆ ತುಂಬಿದವಳು ನಾನೇ ಎಂದು ದಾರಿಯುದ್ದಕ್ಕೂ ನಿಂತುಕೊಂಡೇ ಯೋಚಿಸಿದೆ.

ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಗೊತ್ತೇ? ನೀನು ಕನ್ನಡ ಓದುವುದು ನಿಧಾನ. ಭಾನುವಾರ ಬೆಳಿಗ್ಗೆ ನಿನ್ನನ್ನು ಕೂರಿಸಿ ಕಲಿಸುತ್ತಿದ್ದಾಗ ಒತ್ತಕ್ಷರ ಬಂದರೆ ಸಾಕು, ಬೆರಳಿಟ್ಟು ನಿಂತುಬಿಡುತ್ತಿದ್ದೆ. "ಏನೇ ಇದು, ಗೂಡ್ಸ್ ಗಾಡಿ ಥರ" ಎಂದು ನಾನು ರೇಗುತ್ತಿದ್ದೆ. ಇಂಗ್ಲಿಷಿನಲ್ಲಿ ಬರೆದರೆ ಎರಡು ನಿಮಿಷದಲ್ಲಿ ಓದಿ ಮುಗಿಸುತ್ತೀಯ. ಕನ್ನಡವಾದರೆ ಬಹಳ ಹೊತ್ತು ಹಿಡಿಯುತ್ತದೆ. ನೀನು ಓದುತ್ತಿರುವಷ್ಟು ಹೊತ್ತು ಬೇರೇನೂ ಮಾಡಿಕೊಳ್ಳುವುದಿಲ್ಲ ಎಂಬ ಆಸೆ ನನ್ನದು. ಒಂದೊಂದೇ ಹಾಳೆ ಹರಿದು ಬಾಗಿಲ ಕೆಳಗೆ ತಳ್ಳುತ್ತೇನೆ. ನಿಧಾನವಾಗಿ ಓದು ಮಗಳೇ. ಇವತ್ತು ನಾನು ರೇಗುವುದಿಲ್ಲ.

ಮೊದಲನೆಯ ಹಾಳೆ ತಳ್ಳಿ ಐದು ನಿಮಿಷವಾಯಿತು. ಅದರ ತುದಿ ಇನ್ನೂ ಈ ಕಡೆಯೇ ಕಾಣುತ್ತಿದೆ. ಇರಲಿ, ಬರೆಯುತ್ತೇನೆ.

ವಡೋದರಾದ ಅಲ್ಕಾಪುರಿಯ ಇನ್ಶೂರೆನ್ಸ್ ಆಫೀಸಿನಲ್ಲಿ ಇಪ್ಪತ್ತೊಂಬತ್ತು ವರ್ಷ ನನ್ನ ಟೇಬಲ್ಲಿಗೆ ಬಂದದ್ದು ಬರೀ ಅಪಘಾತದ ಫೈಲುಗಳು. ಜಜ್ಜಿಹೋದ ಕಾರು, ರಸ್ತೆಯಲ್ಲಿ ಬಿದ್ದ ಚಪ್ಪಲಿ, ಮಕ್ಕಳ ಸ್ಕೂಲ್ ಬ್ಯಾಗು. ಆ ಫೋಟೊಗಳನ್ನೆಲ್ಲ ನೋಡಿದ ಮೇಲೆ ಊಟದ ಡಬ್ಬಿ ತೆರೆಯುತ್ತಿದ್ದೆ. ಅದಕ್ಕೇ ನಿನಗೆ ಕಾರು ಕಲಿಸುವಾಗ ಐವತ್ತು ಅಂದರೆ ಐವತ್ತು. ಮುಳ್ಳು ಐವತ್ತೊಂದಕ್ಕೆ ಹೋದರೆ ಪಕ್ಕದ ಸೀಟಿನಲ್ಲಿ ಕುಳಿತ ನನಗೆ ಕೆಮ್ಮು ಬರುತ್ತಿತ್ತು. ಅಮ್ಮನ ಕೆಮ್ಮು ಎಂದು ನೀವಿಬ್ಬರೂ ಅಪ್ಪ ಮಗಳು ಸೇರಿ ಅಣಕಿಸುತ್ತಿದ್ದಿರಿ. ನಿಮ್ಮಪ್ಪ ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡಿದ್ದವರು, ಅವರ ದಾರಿಯೇ ಬೇರೆ. ಐವತ್ತಿದ್ದ ಕಡೆ ಐವತ್ನಾಲ್ಕರಲ್ಲಿ ಹಾಯಾಗಿ ಹೋಗುತ್ತಿದ್ದರು. "ಅಳೆಯೋ ಯಂತ್ರಾನೂ ತಪ್ಪು ಮಾಡುತ್ತೆ ಕಮಲಾ. ಅದು ಗೊತ್ತಿರೋದ್ರಿಂದಲೇ ಕ್ಯಾಮೆರಾದೋರು ಸ್ವಲ್ಪ ಬಿಟ್ಟಿರ್ತಾರೆ. ನಿನಗೆ ಮಾತ್ರ ಆ ಸ್ವಲ್ಪ ಅನ್ನೋದೇ ಇಲ್ವಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಹಿಂದಿನ ಸೀಟಿನಿಂದ ನೀನು, "ಅಮ್ಮನ ಕ್ಯಾಮೆರಾಗೆ ಟಾಲರೆನ್ಸ್ ಝೀರೋ" ಎಂದು ಚಪ್ಪಾಳೆ ತಟ್ಟುತ್ತಿದ್ದೆ. ನನಗೆ ಅದು ಹೊಗಳಿಕೆಯಂತೆ ಕೇಳುತ್ತಿತ್ತು.

ಫೆಬ್ರವರಿಯ ಆ ಬುಧವಾರ ನಾನು ಮನೆಯಲ್ಲಿರಲಿಲ್ಲ. ನಿನ್ನ ರುಕ್ಮಿಣಿ ಚಿಕ್ಕಮ್ಮನಿಗೆ ಕಣ್ಣಿನ ಆಪರೇಷನ್ ಎಂದು ಅಹಮದಾಬಾದಿನ ವಸ್ತ್ರಾಪುರಕ್ಕೆ ಹೋಗಿದ್ದೆ. ನೀನು ಫೋನು ಮಾಡಿ "ಅಮ್ಮ, ಪಪ್ಪ ಎದೆನೋವು ಬಂದು ಬಿದ್ದುಬಿಟ್ರು, ಹಾಸ್ಪಿಟಲ್‌ನಲ್ಲಿದೀವಿ" ಎಂದಷ್ಟೇ ಹೇಳಿದೆ. ಉಟ್ಟ ಸೀರೆಯಲ್ಲೇ ಟ್ಯಾಕ್ಸಿ ಹತ್ತಿದೆ. ಇದನ್ನು ನಾನು ಯಾರಿಗೂ ಹೇಳಿಲ್ಲ, ಇವತ್ತು ನಿನಗೆ ಹೇಳುತ್ತೇನೆ. ಎಕ್ಸ್‌ಪ್ರೆಸ್‌ವೇಯಲ್ಲಿ ಡ್ರೈವರು, "ಬೇನ್, ಆಗೇ ಕ್ಯಾಮೆರಾ ಹೈ" ಎಂದು ನಿಧಾನ ಮಾಡಿದ. ನಾನು ಅವನ ಸೀಟನ್ನು ಹಿಂದಿನಿಂದ ಗುದ್ದಿ, "ಹೋನೇ ದೋ ಭಾಯ್, ಔರ್ ತೇಜ್, ಔರ್ ತೇಜ್" ಎಂದು, ಇನ್ನೂ ಜೋರಾಗಿ ಓಡಿಸೆಂದು ಕಿರುಚಿದೆ. ಐವತ್ತೊಂದಕ್ಕೆ ಕೆಮ್ಮುತ್ತಿದ್ದವಳು ನಾನೇ. ಮುಳ್ಳು ಎಲ್ಲಿಗೆ ಹೋಗಿದೆ ಎಂದು ತಿರುಗಿಯೂ ನೋಡಲಿಲ್ಲ.

ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾರಿಡಾರಿನಲ್ಲಿ ನೀನು ಬರಿಗಾಲಲ್ಲಿ ನಿಂತಿದ್ದೆ. ಬರಿಗಾಲು ಯಾಕೆ ಎಂದು ಆಗ ನಾನು ಕೇಳಬೇಕಿತ್ತು. ಎಷ್ಟು ಹೊತ್ತಾಯಿತು ಕರೆತರಲು ಎಂದು ಕೇಳಿದೆ. "ಟ್ವೆಂಟಿಟೂ ಮಿನಿಟ್ಸ್" ಎಂದೆ ನೀನು. ಒಳಗಿನಿಂದ ಬಂದ ಡಾಕ್ಟರು ಇನ್ನು ಸ್ವಲ್ಪ ಬೇಗ ಬಂದಿದ್ದರೆ ಪ್ರಯತ್ನ ಮಾಡಬಹುದಿತ್ತೇನೋ ಎಂದು ಅಂದುಹೋದರು. ಆಗ ನನ್ನ ಬಾಯಿಂದ ಬಂತು ನೋಡು. "ಭಾಯಲಿ ಮನೆಯಿಂದ ಇಲ್ಲಿಗೆ ಇಪ್ಪತ್ತೆರಡು ನಿಮಿಷಾನಾ? ಇವತ್ತೂ ಐವತ್ತರಲ್ಲೇ ಬಂದ್ಯೇನೆ? ನಿಮ್ಮಪ್ಪ ಪಕ್ಕದಲ್ಲಿ ಸಾಯ್ತಾ ಇದ್ರೆ ನೀನು ಮೀಟರ್ ನೋಡ್ತಾ ಇದ್ಯಾ?" ಆಸ್ಪತ್ರೆಗೆ ಬಂದಿದ್ದ ಅಕ್ಕಪಕ್ಕದ ಮನೆಯವರೆಲ್ಲ ಕೇಳಿಸಿಕೊಂಡರು. ನೀನು ಬಾಯಿ ತೆರೆದು ಏನೋ ಹೇಳಲು ಹೋಗಿ ಸುಮ್ಮನಾದೆ. ಆ ಮೌನವನ್ನು ನಾನು ತಪ್ಪೊಪ್ಪಿಗೆ ಎಂದುಕೊಂಡೆ. ಹದಿಮೂರನೆಯ ದಿನ ಕಳೆದ ಮೇಲೆ ನೀನು ಎರಡು ಬ್ಯಾಗು ಹಿಡಿದು ಸೂರತ್ತಿಗೆ ಹೊರಟಾಗಲೂ ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಆಮೇಲೆ ನೀನು ನನ್ನ ನಂಬರನ್ನೇ ಬ್ಲಾಕ್ ಮಾಡಿದೆ. ಸರಿಯಾಗಿಯೇ ಮಾಡಿದೆ.

ಮೇದಿನಿ, ಈಗ ಆ ಹಾಳೆ ಮಾಯವಾಗಿದೆ! ನೀನು ಎಳೆದುಕೊಂಡೆ. ಎರಡನೆಯದನ್ನೂ ತಳ್ಳಿದೆ. ಮಂಡಿಯ ಮೇಲಿಟ್ಟು ಬರೆದು ಅಕ್ಷರ ಸೊಟ್ಟಗಾಗುತ್ತಿದೆ, ಕಷ್ಟಪಟ್ಟು ಓದಿಕೋ.

ನಿಮ್ಮಪ್ಪನ ಹೆಸರಿಗೆ ಬಂದ ಟಪಾಲನ್ನು ಒಡೆಯುವ ಧೈರ್ಯ ನನಗೆ ಬಂದಿರಲಿಲ್ಲ. ಬಂದದ್ದನ್ನೆಲ್ಲ ಅವರ ಟೇಬಲ್ಲಿನ ಡ್ರಾಯರಿನಲ್ಲಿ ಹಾಕಿಡುತ್ತಿದ್ದೆ. ಕಳೆದ ಗುರುವಾರ ಫ್ರೇಮ್ ಹಾಕಿಸಲು ಅವರದೊಂದು ಒಳ್ಳೆಯ ಫೋಟೊ ಬೇಕಾಗಿ ಅದೇ ಡ್ರಾಯರು ಎಳೆದೆ. ಟ್ರಾಫಿಕ್‌ನವರ ಮೂರು ಲಕೋಟೆ ಸಿಕ್ಕಿದವು. ಮೂರೂ ಇ-ಮೆಮೊ, ಜೋರಾಗಿ ಓಡಿಸಿದ್ದಕ್ಕೆ ದಂಡದ ಚೀಟಿ. ಕಾರು ಅವರ ಹೆಸರಲ್ಲಿತ್ತಲ್ಲ, ದಂಡವೂ ಅವರ ಹೆಸರಿಗೇ ಬಂದಿತ್ತು. ಈ ಮನುಷ್ಯ ಕೊನೆಗೂ ಸಿಕ್ಕಿಬಿದ್ದರಲ್ಲ ಎಂದು ನನಗೆ ನಗುವೇ ಬಂತು. ಆಮೇಲೆ ತಾರೀಖು ನೋಡಿದೆ.

ಅದೇ ಬುಧವಾರ. ಬೆಳಿಗ್ಗೆ ಆರು ನಲವತ್ಮೂರು, ಎಂಬತ್ತೊಂದು. ಆರು ನಲವತ್ತೈದು, ಎಂಬತ್ತೆಂಟು. ಆರು ಐವತ್ತು, ಎಂಬತ್ನಾಲ್ಕು. ಮೂರು ಕಡೆಯೂ ಐವತ್ತರ ಮಿತಿ. ಕೊನೆಯ ಮೆಮೊದ ಫೋಟೊವನ್ನು ಭೂತಗನ್ನಡಿ ಹಿಡಿದು ನೋಡಿದೆ. ಇನ್ನೂ ಪೂರ್ತಿ ಬೆಳಕಾಗಿಲ್ಲ, ಎಲ್ಲ ಮಸುಕು. ಆದರೂ ಗಾಜಿನ ಹಿಂದೆ ನಿನ್ನ ಬಲಗೈ ಸ್ಟಿಯರಿಂಗ್ ಮೇಲಿದೆ, ಎಡಗೈ ಚಾಚಿ ಪಕ್ಕದಲ್ಲಿ ವಾಲಿದ ನಿಮ್ಮಪ್ಪನ ಎದೆಯನ್ನು ಸೀಟಿಗೆ ಒತ್ತಿ ಹಿಡಿದಿದ್ದೀಯ. ಬೇರೆ ಯಾವ ದಿನವಾದರೂ ಎಂಬತ್ತೆಂಟು ಎಂದರೆ ನಿನ್ನ ಕೆನ್ನೆಗೆ ಬಾರಿಸುತ್ತಿದ್ದೆ. ಅವತ್ತು ಆ ಕಾಗದವನ್ನು ಕಣ್ಣಿಗೊತ್ತಿಕೊಂಡು ಗೋಳಾಡಿದೆ.

ಹಾಗಾದರೆ ಇಪ್ಪತ್ತೆರಡು ನಿಮಿಷ ಎಲ್ಲಿ ಹೋಯಿತು? ಕೆಳಗಿಳಿದು ವಾಚ್‌ಮನ್ ಕಾಕಾನನ್ನು ಕೇಳಿದೆ. ಆತ ನನ್ನನ್ನೇ ವಿಚಿತ್ರವಾಗಿ ನೋಡಿದ. "ಬೇನ್, ಲಿಫ್ಟ್ ಬಂಧ್ ಹತೀ" ಎಂದ. ಲಿಫ್ಟ್ ಕೆಟ್ಟಿತ್ತು. ನೀನು ಮತ್ತು ಆತ ಇಬ್ಬರೇ ನಿಮ್ಮಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ದುಪಟ್ಟಾದಿಂದ ಕಟ್ಟಿ, ಮೂರು ಮಹಡಿ ಇಳಿಸಿದಿರಂತೆ. ಕಾಲು ಜಾರುತ್ತದೆ ಎಂದು ನೀನು ಚಪ್ಪಲಿ ಬಿಟ್ಟೆಯಂತೆ. ಇಳಿಸುವುದಕ್ಕೆ ಹನ್ನೊಂದು ನಿಮಿಷ, ದಾರಿಗೆ ಹನ್ನೊಂದು ನಿಮಿಷ. ನಾಲ್ಕು ತಿಂಗಳು ಆ ಮನುಷ್ಯ ದಿನಾ ನನಗೆ ನಮಸ್ಕಾರ ಹೇಳುತ್ತಿದ್ದ. ನಾನು ಒಂದು ಸಲವೂ ಕೇಳಿರಲಿಲ್ಲ.

ಇನ್ನೊಂದು ವಿಷಯವಿದೆ. ಇದನ್ನು ಇನ್ನೂ ನಿಧಾನವಾಗಿ ಓದು.

ಶನಿವಾರ ಬೆಳಿಗ್ಗೆ ಆರೂವರೆಗೆ ಆಟೊ ಮಾಡಿಕೊಂಡು ಅದೇ ದಾರಿಯಲ್ಲಿ ಹೋದೆ, ಕ್ಯಾಮೆರಾ ಕಂಬಗಳನ್ನು ಎಣಿಸಿಕೊಂಡು. ಹಳೆಯ ಚಾಳಿ, ಕ್ಲೇಮಿನ ಫೈಲು ಬಂದರೆ ಜಾಗ ನೋಡದೆ ಸಹಿ ಹಾಕಿದವಳಲ್ಲ ನಾನು. ಕಂಬ ನಾಲ್ಕಿವೆ ಮೇದಿನಿ. ಮೆಮೊ ಮೂರೇ. ಮೂರನೆಯ ಕಂಬದಿಂದ ಏನೂ ಬಂದಿಲ್ಲ. ಆ ಕಂಬ ಇರುವುದು ಶಾಲೆಯ ಮುಂದೆ.

ಆಟೊ ಕಳಿಸಿ ಅಲ್ಲೇ ನಿಂತೆ. ಏಳು ಗಂಟೆಯ ಶಾಲೆ. ಆರು ನಲವತ್ತೇಳು, ನಲವತ್ತೆಂಟಕ್ಕೆ ರಸ್ತೆ ತುಂಬ ಮಕ್ಕಳು. ಒಬ್ಬಳು ನೀರಿನ ಬಾಟಲಿ ಉರುಳಿಹೋಯಿತೆಂದು ರಸ್ತೆಯ ನಡುವಿಗೇ ಓಡಿದಳು. ಆಗ ನನಗೆ ಎಲ್ಲ ಅರ್ಥವಾಯಿತು. ನೀನು ಅಲ್ಲಿ ನಿಧಾನ ಮಾಡಿದೆ. ಪಕ್ಕದಲ್ಲಿ ಅಪ್ಪನ ಉಸಿರು ಹೋಗುತ್ತಿದೆ, ನಿನ್ನ ಕೈಗೇ ಗೊತ್ತಾಗುತ್ತಿದೆ, ಆದರೂ ಎಂಬತ್ತೆಂಟರಿಂದ ಇಳಿಸಿದೆ. ಐವತ್ತಕ್ಕೆ ಇಳಿಸಿದೆಯೋ, ಐವತ್ನಾಲ್ಕಕ್ಕೋ, ನಿಂತೇ ಹೋದೆಯೋ, ಆ ಕಂಬ ಹೇಳುವುದಿಲ್ಲ. ಎಷ್ಟರವರೆಗೆ ಬಿಡುತ್ತಾರೆ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಿಮ್ಮಪ್ಪ ಹೇಳುತ್ತಿದ್ದ ಆ ಸ್ವಲ್ಪದೊಳಗೆ ನೀನು ಅಲ್ಲಿ ಹೋದೆ ಎಂದಷ್ಟೇ ನನಗೆ ಗೊತ್ತು.

ಆಸ್ಪತ್ರೆಯಲ್ಲಿ ನೀನು ಬಾಯಿ ತೆರೆದು ಮುಚ್ಚಿದ್ದು ಇದಕ್ಕೇ ಅಲ್ಲವೇ? ಇಲ್ಲ ಅಮ್ಮ, ಜೋರಾಗಿಯೇ ಬಂದೆ ಎನ್ನಲು ಹೋದೆ. ಅಷ್ಟರಲ್ಲಿ ಆ ಶಾಲೆ ನೆನಪಾಯಿತು. ಅಲ್ಲಿ ಕಳೆದ ಅರ್ಧ ನಿಮಿಷವನ್ನೇ ನಾಲ್ಕು ತಿಂಗಳಿನಿಂದ ಹೊತ್ತುಕೊಂಡು ತಿರುಗುತ್ತಿದ್ದೀಯ. ಅಮ್ಮ ಹೇಳಿದ್ದು ನಿಜ, ಮೀಟರ್ ನೋಡಿದೆ, ಅಪ್ಪನನ್ನು ಕೊಂದೆ ಎಂದುಕೊಂಡಿದ್ದೀಯ. ನನ್ನ ಊಹೆ ತಪ್ಪಿದ್ದರೆ ಒಳಗಿನಿಂದ ಬೈದುಬಿಡು. ಬೈಗುಳವಾದರೂ ಸರಿ, ನಿನ್ನ ದನಿ ಕೇಳಿದರೆ ಸಾಕು.

ನಿನ್ನ ಸಮಾಧಾನಕ್ಕೆ ಸುಳ್ಳು ಹೇಳುವುದಿಲ್ಲ. ನಿನ್ನೆ ಮಧ್ಯಾಹ್ನ ಆ ಡಾಕ್ಟರನ್ನು ಹುಡುಕಿಕೊಂಡು ಹೋಗಿ, ಅರ್ಧ ನಿಮಿಷದಿಂದ ಏನಾದರೂ ಆಗುತ್ತಿತ್ತೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು, "ಕುಛ್ ಕಹ್ ನಹೀಂ ಸಕತೇ, ಬೇನ್" ಎಂದರು. ಹೇಳಲಾಗುವುದಿಲ್ಲವಂತೆ. ನನಗೂ ಆಗುವುದಿಲ್ಲ. ಆದರೆ ಇದನ್ನು ಹೇಳಬಲ್ಲೆ. ಅಲ್ಲಿ ನೀನು ನಿಧಾನ ಮಾಡದೆ ಆ ಬಾಟಲಿಯ ಹುಡುಗಿಯಂಥ ಒಬ್ಬಳ ಫೈಲು ಯಾರದೋ ಟೇಬಲ್ಲಿಗೆ ಹೋಗಿದ್ದರೆ, ನಿಮ್ಮಪ್ಪ ಬದುಕಿ ಮನೆಗೆ ಬಂದರೂ ಮತ್ತೆ ಆ ಕಾರು ಹತ್ತುತ್ತಿರಲಿಲ್ಲ. ಅವರಿಗೆ ಮಾತಾಡುವ ಶಕ್ತಿ ಇದ್ದಿದ್ದರೆ ಅಲ್ಲಿ ಅವರೇ "ನಿಧಾನ ಪುಟ್ಟಿ" ಎನ್ನುತ್ತಿದ್ದರು. ಮೂವತ್ತೆರಡು ವರ್ಷ ಅವರ ಜೊತೆ ಬಾಳಿದವಳು ನಾನು, ಇಷ್ಟು ನನಗೆ ಗೊತ್ತು.

ಓಡಿಸಬೇಕಾದ ಕಡೆ ಓಡಿಸಿದೆ, ತಡೆಯಬೇಕಾದ ಕಡೆ ತಡೆದೆ. ತಪ್ಪಿದವಳು ನಾನು. ಸ್ವಲ್ಪವೂ ಬಿಟ್ಟುಕೊಡದ ಈ ಬಾಯಿ ತಪ್ಪಿತು. ನೀನು ನನ್ನನ್ನು ಕ್ಷಮಿಸಬೇಕಾಗಿಲ್ಲ. ನನ್ನನ್ನು ಜೀವಮಾನವಿಡೀ ದೂರವಿಡು, ಫೋನು ಎತ್ತಬೇಡ, ನಿನ್ನ ಮದುವೆಗೂ ಕರೆಯಬೇಡ. ಆದರೆ ನಿನಗೆ ನೀನು ಏನೂ ಮಾಡಿಕೊಳ್ಳಬೇಡ. ಒಬ್ಬರನ್ನು ಕಳಿಸಿ ಬಂದಿದ್ದೇನೆ. ಇನ್ನೊಬ್ಬರನ್ನು ಕಳಿಸುವ ಶಕ್ತಿ ನನ್ನಲ್ಲಿಲ್ಲ, ನಿನ್ನ ಕಾಲಿಗೆ ಬೀಳುತ್ತೇನೆ ಮೇದಿನಿ.

ಮೂರೂ ಮೆಮೊಗಳನ್ನು ಈ ಹಾಳೆಗಳ ಜೊತೆ ಕಳಿಸುತ್ತಿದ್ದೇನೆ, ನೋಡು. ಶಾಲೆಯ ಮುಂದಿನ ಕಂಬದ್ದು ಕಾಗದವಿಲ್ಲ. ಅದರ ಬದಲು ನನ್ನ ಮಾತನ್ನು ಇಟ್ಟುಕೋ.

ಆಚೆ ಬೀದಿಯಲ್ಲಿ ಮಗ್ಗದ ಕಾರ್ಖಾನೆಗಳ ಸದ್ದು ಒಂದೇ ಸಮನೆ ಬರುತ್ತಿದೆ, ಅದರ ನಡುವೆ ನಿನ್ನ ಉಸಿರು ಕೇಳುತ್ತದೆಯೇ ಎಂದು ಕಿವಿ ಬಾಗಿಲಿಗೆ ಹಚ್ಚಿದ್ದೇನೆ. ಅರ್ಚಿತಾ ಒಲೆಯ ಮೇಲೆ ಗಂಜಿ ಇಟ್ಟಿದ್ದಾಳೆ. ಕೆಳಗೆ ಆಟೊದವನಿಗೆ ಕಾಯಲು ಹೇಳಿದ್ದೇನೆ, ಇಲ್ಲೊಬ್ಬ ಒಳ್ಳೆಯ ಡಾಕ್ಟರಿದ್ದಾರಂತೆ, ಮಾತಾಡಿಸುವವರು. ಚಿಲಕ ಒಡೆಸಲು ಬಡಗಿಯನ್ನೂ ಅರ್ಚಿತಾ ಕರೆಸಿದ್ದಾಳೆ, ಮೆಟ್ಟಿಲ ಮೇಲೆ ಕುಳಿತಿದ್ದಾನೆ. ಆದರೆ ನೀನೇ ತೆಗೆಯಬೇಕೆಂದು ನನ್ನಾಸೆ. ಈ ಕೊನೆಯ ಹಾಳೆಯನ್ನು ಪೂರ್ತಿ ತಳ್ಳುವುದಿಲ್ಲ. ಒಂದು ತುದಿ ನಿನ್ನ ಕಡೆ, ಒಂದು ತುದಿ ನನ್ನ ಬೆರಳಲ್ಲಿ. ಓದಿ ಮುಗಿದ ಮೇಲೆ ಒಂದು ಸಲ ಎಳೆ. ಅವಸರವಿಲ್ಲ ಪುಟ್ಟಿ, ಎಷ್ಟು ತಡವಾದರೂ ನಾನು ಕೆಮ್ಮುವುದಿಲ್ಲ.

ನಿನ್ನ ಆಯಸ್ಸು ಗಟ್ಟಿಯಾಗಿರಲಿ, ನನ್ನದರಲ್ಲಿ ಉಳಿದದ್ದೂ ನಿನಗೇ ಸೇರಲಿ.

ತುದಿ ಹಿಡಿದುಕೊಂಡು ಕುಳಿತಿರುವ,
ನಿನ್ನ ಅಮ್ಮ
ಕಮಲಾಕ್ಷಿ